ಜಂಬೋದ ಕೊನೆಯ ಕಡತಕ್ಕೆ ಸಹಿ ಬಿತ್ತು, ಎಲ್ಲರಿಗೂ ನಮಸ್ಕಾರ

ಸ್ಪೇನ್‌ನ ತೆರುಯೆಲ್‌ನಲ್ಲಿ ಬಿಚ್ಚಿದ ಬೋಯಿಂಗ್ 747-400 (ಜಂಬೋ) ಸರಕು ವಿಮಾನವೊಂದರ ಬಿಡಿಭಾಗಗಳ ದಾಖಲೆಯ ಕೊನೆಯ ಕಡತಕ್ಕೆ ಕಳೆದ ವಾರ ಬೆಳಗಾವಿಯ ಉದ್ಯಮಬಾಗದ ನಮ್ಮ ಕಚೇರಿಯಲ್ಲಿ ಸಹಿ ಬಿತ್ತು. ಮೊದಲ ಪುಟದಿಂದ ಕೊನೆಯ ಪುಟದವರೆಗೆ ನಮ್ಮ ತಂಡವೇ ನಿಭಾಯಿಸಿದ ಮೊದಲ ವಿಮಾನವಿದು. ಅದನ್ನು ನಮ್ಮಲ್ಲಿ ಯಾರೂ ಕಣ್ಣಾರೆ ಕಂಡಿಲ್ಲ.

"ಗುಜರಿಗೆ ಹೋಗುವುದಕ್ಕೆ ಇಷ್ಟೊಂದು ಕಾಗದವೇ?" ಎಂದು ಶಹಾಪುರದ ನಮ್ಮ ಓಣಿಯಲ್ಲಿ ಕೇಳದವರಿಲ್ಲ. ಉತ್ತರ ನನಗೂ ಮೊದಲು ಗೊತ್ತಿರಲಿಲ್ಲ. ಕಲಿಸಿದವರು ಸಾಂಬ್ರಾದ ವಾಯುಪಡೆ ತರಬೇತಿ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದ ಗುರುಗಳು. ಹೊಲಕ್ಕೆ ಉತಾರ ಹೇಗೋ ಬಿಡಿಭಾಗಕ್ಕೆ ದಾಖಲೆ ಹಾಗೆ ಎನ್ನುತ್ತಿದ್ದರು. ಎಂಜಿನ್ನಿನೊಳಗೆ ತಿರುಗುವ ಚಕ್ರ, ಅಂದರೆ ಟರ್ಬೈನ್ ಡಿಸ್ಕ್‌ಗೆ, ಇಷ್ಟು ಸೈಕಲ್ ಎಂದು ಆಯುಷ್ಯ ಗೊತ್ತುಮಾಡಿರುತ್ತಾರೆ. ವಿಮಾನ ಒಮ್ಮೆ ಏರಿ ಇಳಿದರೆ ಒಂದು ಸೈಕಲ್. ತಯಾರಾದ ದಿನದಿಂದ ಈವರೆಗಿನ ಲೆಕ್ಕ ಒಂದು ಕಡೆ ತುಂಡಾದರೂ ಆ ಡಿಸ್ಕ್ ಬರೀ ಲೋಹ. ನಮ್ಮ ವಿಮಾನವಂತೂ ಮೊದಲು ಪ್ರಯಾಣಿಕರನ್ನು ಹೊತ್ತು, ಆಮೇಲೆ ಆಸನಗಳನ್ನು ಕಳಚಿ, ಪಕ್ಕೆಯಲ್ಲಿ ದೊಡ್ಡ ಬಾಗಿಲು ಕೊರೆಸಿಕೊಂಡು ಸರಕಿಗೆ ನಿಂತದ್ದು. ಕೈ ಬದಲಾದಂತೆಲ್ಲ ದಾಖಲೆ ಬರೆಯುವ ರೀತಿಯೂ ಬದಲಾಗಿತ್ತು. ಗುರುಗಳೇ, ಫೋನಿನಲ್ಲಿ ನಿಮ್ಮನ್ನು ಎಷ್ಟು ಕಾಡಿದ್ದೇವೋ! ಒಮ್ಮೆಯೂ ಬೇಸರಿಸಲಿಲ್ಲ.

ತೆರುಯೆಲ್‌ನ ಮೆಕ್ಯಾನಿಕ್‌ಗಳಿಗೆ ಈ ಕನ್ನಡ ತಲುಪದು, ಆದರೂ ಬರೆಯುತ್ತೇನೆ. ಒಣ ಹವೆ ಇರುವುದರಿಂದಲೇ ಹಳೆಯ ವಿಮಾನಗಳನ್ನು ಅಲ್ಲಿ ನಿಲ್ಲಿಸುತ್ತಾರೆ. ಚಳಿಗಾಲ ಮಾತ್ರ ಭಯಂಕರ. ಆ ಚಳಿಯಲ್ಲಿ ಇಂಧನ ಬಸಿದು, ಬೆಂಕಿ ನಂದಿಸುವ ಹ್ಯಾಲಾನ್ ಸಿಲಿಂಡರ್‌ಗಳನ್ನು ಜೋಪಾನವಾಗಿ ತೆಗೆದು (ಆ ಅನಿಲ ಓಜೋನ್‌ಗೆ ಶತ್ರು), ಎಂಜಿನ್, ಲ್ಯಾಂಡಿಂಗ್ ಗೇರ್, ಕಾಕ್‌ಪಿಟ್ಟಿನ ಪೆಟ್ಟಿಗೆಗಳನ್ನೆಲ್ಲ ಇಳಿಸಿದರು. ಬಿಡಿಭಾಗದ ಮೇಲೆ ಅಳಿಸಿಹೋದ ಸಂಖ್ಯೆಯನ್ನು ಒರೆಸಿ ಒರೆಸಿ ಮತ್ತೆ ಫೋಟೊ ಕಳಿಸಿದರು. ಕೆಲಸಕ್ಕೆ ಬಾರದ ಭಾಗಗಳನ್ನು ಯಾರೂ ಬಣ್ಣ ಬಳಿದು ಮಾರದಂತೆ ಕೊರೆದು, ಕತ್ತರಿಸಿ ಹಾಳುಮಾಡಿದರು. ಈ ವೃತ್ತಿಯಲ್ಲಿ ನನಗೆ ಅತ್ಯಂತ ಹಿಡಿಸಿದ ಕಟ್ಟುನಿಟ್ಟು ಇದು.

ಇಷ್ಟು ಶ್ರಮ ಏಕೆಂದರೆ, 2023ರ ಜನವರಿಯ ನಂತರ ಹೊಸ 747 ಒಂದೂ ಬಂದಿಲ್ಲ. ಎರಡೇ ಎಂಜಿನ್ನಿನಲ್ಲಿ ಸುಮಾರು 100 ಟನ್ ಹೊರುವ ಬೋಯಿಂಗ್ 777 ಸರಕು ವಿಮಾನ ಇರುವಾಗ, ನಾಲ್ಕು ಎಂಜಿನ್ನಿನ ಮುದಿ ವಿಮಾನಕ್ಕೆ ಮತ್ತೊಂದು ದೊಡ್ಡ ತಪಾಸಣೆಯ ಖರ್ಚು ಹಾಕಲು ಮಾಲೀಕರು ಹಿಂಜರಿಯುತ್ತಾರೆ. ಹಾಗೆ ಬಿಚ್ಚಿದ್ದರಿಂದ ಇನ್ನೂ ಹಾರುತ್ತಿರುವ ಜಂಬೋಗಳಿಗೆ ಬಿಡಿಭಾಗ.

ಉಳಿದ ಅಲ್ಯೂಮಿನಿಯಂ ಮತ್ತೆ ವಿಮಾನವಾಗುವುದಿಲ್ಲವೇ ಎಂದು ಉದ್ಯಮಬಾಗದ ಫೌಂಡ್ರಿಯ ಹಿರಿಯರೊಬ್ಬರನ್ನು ಕೇಳಿದ್ದೆ. ತಾಮ್ರ ಬೆರೆತದ್ದು, ಸತು ಬೆರೆತದ್ದು, ಉಕ್ಕಿನ ಬೋಲ್ಟು ಎಲ್ಲ ಒಟ್ಟಿಗೆ ಚೂರಾದರೆ ಸಾಮಾನ್ಯ ಎರಕಕ್ಕಷ್ಟೇ ಲಾಯಕ್ಕು ಎಂದು ಚಹಾ ಕುಡಿಸಿ ತಿಳಿಸಿದರು. ಅವರಿಗೂ ವಂದನೆ.

ನಡುವೆ ಗ್ರಾಹಕ ಸಂಸ್ಥೆಯೊಂದು ಹಣ ತಡೆಹಿಡಿದು ನಮ್ಮ ಸಂಬಳ ನಿಂತಿತು. ತಂಡದ ಒಬ್ಬರೂ ಬಿಟ್ಟುಹೋಗಲಿಲ್ಲ. ಕ್ಯಾಂಟೀನಿನ ಅಕ್ಕ ಊಟ ನಿಲ್ಲಿಸಲಿಲ್ಲ. ಸ್ಪೇನ್‌ನ ಗಡಿಯಾರಕ್ಕೆ ಹೊಂದಿಕೊಂಡು ನಾನು ರಾತ್ರಿ ತಡವಾಗಿ ಹೊರಟಾಗ ಗೇಟಿನ ಬಳಿ ಕಾದಿರುತ್ತಿದ್ದ ಆಟೋದ ಕಾಕಾ, ಮಗಳಿಗೆ ಉಣಿಸಿ ಮಲಗಿಸುತ್ತಿದ್ದ ಅತ್ತೆ, ಇವರಿಬ್ಬರಿಲ್ಲದೆ ನಾನು ಈ ಕೆಲಸ ಹಿಡಿಯುವ ಮಾತೇ ಇರಲಿಲ್ಲ.

ಬಾಕಿ ಹಣ ಈಗ ಬಂದಿದೆ. ಶನಿವಾರ ಸಂಜೆ ಕಚೇರಿಗೆ ಬನ್ನಿ, ಕುಂದಾ ನಮ್ಮದು. ಅಕ್ಕ, ಲೆಕ್ಕದ ವಹಿ ಮರೆಯದೆ ತನ್ನಿ, ಅಂದೇ ಚುಕ್ತಾ ಮಾಡುತ್ತೇವೆ.