ಪ್ರವಾಸ, ಕ್ರೀಡಾಕೂಟ, ಕೈಕೆಲಸದ ಶನಿವಾರ: ಪೋಷಕರಿಗೆ ಪತ್ರ

ಪ್ರಿಯ ಪೋಷಕರೇ,

ನಮಸ್ಕಾರ. ಹತ್ತಿ ಬಿಡಿಸುವ ಸಮಯ, ಮನೆಯಲ್ಲಿ ಯಾರಿಗೂ ಪುರುಸೊತ್ತಿಲ್ಲ ಎಂದು ಗೊತ್ತು. ಆದರೂ ಸ್ವಲ್ಪ ಬಿಡುವು ಮಾಡಿಕೊಂಡು ಈ ಪತ್ರ ಓದಿ. ಮಗುವಿನ ಕೈಯಲ್ಲೇ ಓದಿಸಿ ಕೇಳಿದರೆ ಇನ್ನೂ ಒಳ್ಳೆಯದು.

ಡಿಸೆಂಬರ್‌ನಲ್ಲಿ 5ರಿಂದ 7ನೇ ತರಗತಿಯ ಮಕ್ಕಳನ್ನು ಬಾದಾಮಿ, ಪಟ್ಟದಕಲ್ಲಿಗೆ ಕರೆದುಕೊಂಡು ಹೋಗುತ್ತೇವೆ. ಅದೇ ತಿಂಗಳು ಕ್ರೀಡಾಕೂಟ ಇದೆ. ಬ್ಯಾಗ್ ಇಲ್ಲದ ಶನಿವಾರದ ಕೈಕೆಲಸವೂ ಇದೆ. "ಆ ದಿನ ಪಾಠ ಇರಲ್ಲ ಅಲ್ವಾ ಟೀಚರ್, ಮಗ ಹೊಲಕ್ಕೆ ಬರಲಿ" ಎಂದು ಕೆಲವರು ಕೇಳುತ್ತೀರಿ. ಆ ದಿನವೂ ಪಾಠ ಇದೆ. ತರಗತಿಯಲ್ಲಿ ಬಾಯಿ ಬಿಡದ ಎಷ್ಟೋ ಮಕ್ಕಳು ಮಾತಾಡುವುದೇ ಇಂಥ ದಿನಗಳಲ್ಲಿ.

ಮೊದಲು ಪ್ರವಾಸದ ವಿಷಯ. ಬಾದಾಮಿಯ ಮೂರನೇ ಗುಹೆಯಲ್ಲಿ, ಚಾಲುಕ್ಯ ದೊರೆ ಕೀರ್ತಿವರ್ಮನ ಕಾಲದಲ್ಲಿ ಅವನ ತಮ್ಮ ಮಂಗಳೇಶ ಬರೆಸಿದ ಶಾಸನವಿದೆ. ಅದರಲ್ಲಿರುವುದು ಶಕ ವರ್ಷ 500. ಅದಕ್ಕೆ 78 ಕೂಡಿಸಿದರೆ ಕ್ರಿ.ಶ. 578. ಈ ಲೆಕ್ಕವನ್ನು ಮಕ್ಕಳಿಗೆ ಈಗಲೇ ಹೇಳಿಕೊಟ್ಟಿದ್ದೇವೆ, ಮನೆಯಲ್ಲಿ ಕೇಳಿ ನೋಡಿ. ಬಾದಾಮಿಯಲ್ಲೇ ಬಂಡೆಯೊಂದರ ಮೇಲೆ ಕಪ್ಪೆ ಅರಭಟ್ಟನ ಶಾಸನವೂ ಇದೆ. ಅದು ಸುಮಾರು 700ನೇ ಇಸವಿಯದು. "ಸಾಧುಗೆ ಸಾಧು ಮಾಧುರ್ಯಂಗೆ ಮಾಧುರ್ಯಂ" ಎನ್ನುವ ಸಾಲು ಇರುವುದು ಅದರಲ್ಲೇ. ಕನ್ನಡದಲ್ಲಿ ನಮಗೆ ಸಿಕ್ಕಿರುವ ತೀರಾ ಹಳೆಯ ತ್ರಿಪದಿಗಳು ಅವು. ನಿಮ್ಮ ಮನೆಯ ಅಜ್ಜಿ ಬೀಸುವಾಗ ಹಾಡುತ್ತಿದ್ದ ಪದಗಳೂ ತ್ರಿಪದಿಗಳೇ. ಆದ್ದರಿಂದ ಒಂದು ಕೆಲಸ ಮಾಡಿ. ಪ್ರವಾಸಕ್ಕೆ ಮೊದಲು ಅಜ್ಜಿಯಿಂದ ಒಂದಾದರೂ ಪದ ಹಾಡಿಸಿ, ಮಗು ಬರೆದುಕೊಳ್ಳಲಿ. ಸಾವಿರ ವರ್ಷಕ್ಕೂ ಹಳೆಯ ಬರಹದ ಎದುರು ನಿಂತು ಅಜ್ಜಿಯ ಪದ ಹೇಳುವ ಮಗುವಿಗೆ ಇತಿಹಾಸ ದೂರದ್ದು ಅನಿಸುವುದಿಲ್ಲ.

ಪಟ್ಟದಕಲ್ಲಿನಲ್ಲಿ ವಿರೂಪಾಕ್ಷ ದೇವಸ್ಥಾನಕ್ಕೆ ಜಾಸ್ತಿ ಸಮಯ ಇಟ್ಟಿದ್ದೇವೆ. ಇಮ್ಮಡಿ ವಿಕ್ರಮಾದಿತ್ಯ ಕಂಚಿಯ ಪಲ್ಲವರನ್ನು ಗೆದ್ದ ನೆನಪಿಗೆ ರಾಣಿ ಲೋಕಮಹಾದೇವಿ ಕಟ್ಟಿಸಿದ್ದು ಅದು. ಅಲ್ಲಿನ ಶಾಸನದಲ್ಲಿ ರಾಜ, ರಾಣಿಯ ಹೆಸರಷ್ಟೇ ಇಲ್ಲ. ಕಟ್ಟಿದ ಸೂತ್ರಧಾರಿ ಗುಂಡ ಅನಿವಾರಿತಾಚಾರಿಯ ಹೆಸರೂ ಇದೆ. ನಮ್ಮ ಮಕ್ಕಳು ಆ ಹೆಸರನ್ನು ಬಾಯಿಪಾಠ ಮಾಡಬೇಕು ಎಂಬುದು ನನ್ನ ಆಸೆ. ಅವರಲ್ಲಿ ಎಷ್ಟೋ ಮಂದಿಯ ಅಪ್ಪಂದಿರು ಗಾರೆ ಕೆಲಸ, ಬಡಿಗತನ ಮಾಡುವವರು. ಕೈಯಲ್ಲಿ ಕೆಲಸ ಇರುವವರ ಹೆಸರನ್ನು ಕಲ್ಲಿನಲ್ಲಿ ಕೆತ್ತಿ ಗೌರವಿಸಿದ ನಾಡು ನಮ್ಮದು ಎಂದು ಅವರಿಗೆ ಗೊತ್ತಾಗಲಿ.

ಐಹೊಳೆಗೆ ಈ ಸಲ ಹೋಗುತ್ತಿಲ್ಲ. ಒಂದೇ ದಿನ ಮೂರೂ ಕಡೆ ಓಡಿದರೆ ಮಕ್ಕಳಿಗೆ ಬಸ್ಸಷ್ಟೇ ನೆನಪಿರುತ್ತದೆ.

15 ವರ್ಷದೊಳಗಿನ ಮಕ್ಕಳಿಗೆ ಈ ಸ್ಮಾರಕಗಳಲ್ಲಿ ಪ್ರವೇಶ ಶುಲ್ಕ ಇಲ್ಲ. ಖರ್ಚು ಬಸ್ಸಿಗೆ, ಊಟಕ್ಕೆ ಮಾತ್ರ. ಅದೂ ಕಷ್ಟ ಎನ್ನುವವರು ಸಂಕೋಚ ಬಿಟ್ಟು ನನ್ನ ಹತ್ತಿರ ಬನ್ನಿ. ಹಣ ಇಲ್ಲ ಎಂಬ ಕಾರಣಕ್ಕೆ ಒಂದು ಮಗುವೂ ಊರಲ್ಲಿ ಉಳಿಯಬಾರದು. ಬಾದಾಮಿಯಲ್ಲಿ ಕೋತಿಗಳ ಕಾಟ ಇದೆ. ಮಕ್ಕಳ ಕೈಗೆ ತಿಂಡಿಯ ಪ್ಲಾಸ್ಟಿಕ್ ಚೀಲ ಕೊಡಬೇಡಿ. ಬಸ್ಸಿನಲ್ಲಿ ವಾಂತಿ ಆಗುವ ಮಕ್ಕಳಿದ್ದರೆ ಮೊದಲೇ ತಿಳಿಸಿ.

ಇನ್ನು ಕ್ರೀಡಾಕೂಟ. 1ರಿಂದ 3ನೇ ತರಗತಿಯವರಿಗೆ ನಿಂಬೆಹಣ್ಣು ಚಮಚ, ಗೋಣಿಚೀಲದ ಓಟ. ದೊಡ್ಡವರಿಗೆ ರಿಲೇ, ಕಬಡ್ಡಿ, ಖೊ ಖೊ. ಹೊಸ ಶೂ, ಬಣ್ಣದ ಟೀ ಶರ್ಟು ಏನೂ ಕೊಳ್ಳಬೇಡಿ. ಹೆಣ್ಣುಮಕ್ಕಳ ಬಗ್ಗೆ ಮಾತ್ರ ಒಂದು ಮಾತು ಒತ್ತಿ ಹೇಳುತ್ತೇನೆ. ಶಾಲೆ ಬಿಟ್ಟ ಮೇಲೆ ಖೊ ಖೊ ಅಭ್ಯಾಸ ಇರುತ್ತದೆ. ಹುಡುಗರು ನಿಲ್ಲುತ್ತಾರೆ, ಹುಡುಗಿಯರು ನೀರು ತರಬೇಕು, ತಮ್ಮನನ್ನು ನೋಡಿಕೊಳ್ಳಬೇಕು ಎಂದು ಓಡುತ್ತಾರೆ. ಖೊ ಖೊದಲ್ಲಿ ಒಬ್ಬರ ಮುಖ ಆ ಕಡೆ, ಪಕ್ಕದವರ ಮುಖ ಈ ಕಡೆ. ಬೆನ್ನ ಹಿಂದೆ ಏನಾಗುತ್ತಿದೆ ಎಂದು ಕಿವಿಯಲ್ಲೇ ತಿಳಿದು, ಖೊ ಎಂದ ಕೂಡಲೇ ಏಳಬೇಕು. ಸುಮ್ನೆ ಬರುವ ಚುರುಕಲ್ಲ ಅದು, ದಿನಾ ಆಡಿದರೇ ಬರುತ್ತದೆ. ದಯವಿಟ್ಟು ಆ ಕೆಲವು ಸಂಜೆ ಮನೆಗೆಲಸ ಬೇರೆಯವರು ಮಾಡಲಿ. ಶಿಕ್ಷಕಿಯರು ಜೊತೆಗಿದ್ದು, ಕತ್ತಲಾಗುವ ಮೊದಲೇ ಕಳಿಸುತ್ತೇವೆ.

ಶನಿವಾರದ ಕೈಕೆಲಸಕ್ಕೆ ನೀವೇ ಬರಬೇಕು. ಮಕ್ಕಳು ಕೆರೆಮಣ್ಣಿನ ಹಲಗೆ ಮಾಡಿ ಅದರ ಮೇಲೆ ತಮ್ಮ ಹೆಸರು ಕೊರೆಯುತ್ತಾರೆ, ಸೋಪಿನಲ್ಲಿ ಮೂರ್ತಿ ಕೆತ್ತುತ್ತಾರೆ. ಮಣ್ಣು ಹದ ಮಾಡುವುದು ನಮಗಿಂತ ಕುಂಬಾರರಿಗೆ ಚೆನ್ನಾಗಿ ಗೊತ್ತು. ತೂಕದ ಗುಂಡು ಬಿಟ್ಟು ಗೋಡೆ ನೆಟ್ಟಗಿದೆಯಾ ಎಂದು ನೋಡುವುದನ್ನು ಗೌಂಡಿಯವರು ತೋರಿಸಿದರೆ ಗಣಿತದ ಲಂಬರೇಖೆ ಮಕ್ಕಳಿಗೆ ಮತ್ತೆ ಮರೆಯುವುದಿಲ್ಲ. ಕೌದಿ ಹೊಲಿಯುವ ತಾಯಂದಿರೂ ಬನ್ನಿ. ಓದು ಬರಹ ಬರಲ್ಲ ಎಂದು ಹಿಂಜರಿಯಬೇಡಿ. ಆ ದಿನ ಕುರ್ಚಿ ನಿಮಗೆ, ನಾವು ಶಿಕ್ಷಕರು ಮಕ್ಕಳ ಸಾಲಿನಲ್ಲಿ ಕೂರುತ್ತೇವೆ.

ಪತ್ರದ ಕೆಳಗಿನ ಒಪ್ಪಿಗೆ ಚೀಟಿಗೆ ಸಹಿ ಅಥವಾ ಹೆಬ್ಬೆಟ್ಟು ಹಾಕಿ ಶುಕ್ರವಾರದೊಳಗೆ ಕಳಿಸಿ. ಯಾವ ಕೆಲಸ ಕಲಿಸಲು ಬರುತ್ತೀರಿ ಎಂದು ಅದರ ಹಿಂದೆ ಬರೆಯಿರಿ.

ಇಂತಿ ನಿಮ್ಮ ವಿಶ್ವಾಸಿ,
ಮುಖ್ಯ ಶಿಕ್ಷಕಿ
ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ