ನೆರಳಿನ ತೋಟಕ್ಕೆ ನೆಟ್ಟುಕೊಟ್ಟ ಫರ್ನ್ ಗಿಡಗಳು ಕೊಳೆತ ಬಗ್ಗೆ ದೂರು

ಇವರಿಗೆ,
ವ್ಯವಸ್ಥಾಪಕರು,
ನರ್ಸರಿ ಮತ್ತು ತೋಟ ನಿರ್ಮಾಣ ವಿಭಾಗ

ಮಾನ್ಯರೇ,

ನಮ್ಮ ಮನೆ ಮಡಿಕೇರಿಯಲ್ಲಿದೆ. ಹಿತ್ತಿಲ ಹಲಸಿನ ಮರದಡಿ ಹೂಗಿಡ ಯಾವುದೂ ಏಳುವುದಿಲ್ಲ. ಅಲ್ಲಿ ಫರ್ನ್ ತೋಟ ಮಾಡಿಸೋಣ ಅಂತ ಮೇ ಕೊನೆಯಲ್ಲಿ ನಿಮಗೆ ₹7,200 ಕೊಟ್ಟೆ. 8 'ಹಾಲಿ' (Holly) ಜಾತಿಯ ಫರ್ನ್, 4 'ನೆರಳಿನ ಫರ್ನ್'. ಮಣ್ಣು ಹದ ಮಾಡಿ ನೆಟ್ಟುಕೊಡುವುದೂ ನಿಮ್ಮದೇ ಎಂದು ಬಿಲ್ಲಿನಲ್ಲಿದೆ.

ಹಾಲಿ ಫರ್ನ್‌ಗಳಲ್ಲಿ 6 ಸತ್ತಿವೆ. ಫೋನ್ ಮಾಡಿದರೆ 'ನೀರು ಜಾಸ್ತಿ ಆಗಿರಬೇಕು ಮೇಡಂ' ಎಂದರು. ಜೂನ್‌ನಿಂದ ಇಲ್ಲಿ ಮಳೆ. ನಾನು ನೀರೇ ಹಾಕಿಲ್ಲ. ಅದೇ ಮಳೆಯಲ್ಲಿ ಬಾವಿಕಟ್ಟೆಯ ಕಲ್ಲುಸಂದಿಯ ಫರ್ನ್‌ಗಳು ಸೊಂಪಾಗಿವೆ. ತೋಡಿನ ಬದಿಯ ತೆರ್ಮೆ ತೊಪ್ಪು (ನಾವು ಅಡುಗೆಗೆ ಬಳಸುವ ಫರ್ನ್) ಕಿತ್ತಷ್ಟೂ ಚಿಗುರುತ್ತಿದೆ.

ಹೋದ ಭಾನುವಾರ ಒಂದನ್ನು ಎತ್ತಿ ನೋಡಿದೆ. ಗಿಡ ಕೈಗೆ ಬಂತು, ಬೇರು ಮಣ್ಣಲ್ಲೇ ಉಳಿಯಿತು. ಗಿಡದ ನೆತ್ತಿಯನ್ನು ಎರಡು ಇಂಚು ಮಣ್ಣಿನಡಿ ಹೂತಿದ್ದರು, ಮೇಲೆ ಹಸಿ ಸಗಣಿ. ನೆತ್ತಿಯೆಲ್ಲ ಕಪ್ಪಗೆ, ಲೊಳೆಲೊಳೆ, ನಾತ. ನಡುವೆ ಮೂರು ಸುರುಳಿ ಚಿಗುರಿದ್ದವು. ಮೈಮೇಲಿನ ಕಂದು ಹೊಟ್ಟು ಹಾಗೇ ಇತ್ತು. ಬಿಚ್ಚಿಕೊಳ್ಳುವ ಮೊದಲೇ ಕೊಳೆತಿದ್ದವು. ನೋಡಿ ಹೊಟ್ಟೆ ಉರಿಯಿತು. ಹೊಸ ಎಲೆ ಬರುವುದೇ ಆ ನೆತ್ತಿಯಿಂದ ಅಲ್ವಾ? ಅದು ಮಣ್ಣಿನ ಮಟ್ಟಕ್ಕಿರಬೇಕು. ಸುತ್ತ ಒಂದಿಷ್ಟು ತರಗೆಲೆ ಹಾಕಿದರೆ ಸಾಕು. ಉಳಿದ ಎರಡು ಗಿಡ ಇಳಿಜಾರಿನಲ್ಲಿವೆ. ಮೇಲಿನ ಮಣ್ಣು ಮಳೆಗೆ ತೊಳೆದುಹೋಗಿ ನೆತ್ತಿ ಹೊರಗೆ ಬಂತು, ಅದಕ್ಕೇ ಬದುಕಿವೆ. ತಪ್ಪು ನೆಡುವುದರಲ್ಲೇ ಆಗಿದೆ ಎನ್ನಲು ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಇನ್ನು 'ನೆರಳಿನ ಫರ್ನ್' ಅಂತ ಕೊಟ್ಟ ಆ ನಾಲ್ಕು ಗಿಡ ಫರ್ನೇ ಅಲ್ಲ. ಅವು ಅಸ್ಪರಾಗಸ್, ಶತಾವರಿಯ ಜಾತಿ. ಕಾಂಡದಲ್ಲಿ ಮುಳ್ಳಿದೆ, ಈಗ ಸಣ್ಣ ಬಿಳಿ ಹೂ ಬಂದಿದೆ. ಫರ್ನ್ ಹೂ ಬಿಡುವುದಿಲ್ಲ. ಎಲೆಯಡಿಯ ಕಂದು ಚುಕ್ಕಿಗಳಲ್ಲಿ ಅದರ ಬೀಜಕಣ ಇರುತ್ತದೆ. ಪೇಟೆಯಲ್ಲಿ ಅಸ್ಪರಾಗಸ್‌ಗೂ ಫರ್ನ್ ಅಂತಾರೆ, ಗೊತ್ತು. ಆದರೆ ಗಿಡ ಮಾರುವ ನಿಮಗೆ ವ್ಯತ್ಯಾಸ ಗೊತ್ತಿರಬೇಕಿತ್ತು.

ದಯವಿಟ್ಟು 6 ಹಾಲಿ ಫರ್ನ್ ಬದಲಿ ಕೊಡಿ. ಅಸ್ಪರಾಗಸ್ ಒಯ್ದು ಅದರ ದುಡ್ಡು ವಾಪಸ್ ಮಾಡಿ. ನೆಡಲು ಕೆಲಸ ಬಲ್ಲವರನ್ನೇ ಕಳಿಸಿ, ನಾನೂ ಜೊತೆಗಿರುತ್ತೇನೆ. ಮಳೆ ಪೂರ್ತಿ ನಿಲ್ಲುವ ಮೊದಲೇ ಬಂದರೆ ಬೇರು ಹಿಡಿಯುತ್ತದೆ. 15 ದಿನದಲ್ಲಿ ಉತ್ತರ ಬರದಿದ್ದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡುತ್ತೇನೆ. ಬಿಲ್ ಮತ್ತು ಫೋಟೋಗಳನ್ನು ಜೊತೆಗಿಟ್ಟಿದ್ದೇನೆ.

ಇಂತಿ,
ನಿಮ್ಮ ಗ್ರಾಹಕಿ,
ಮಡಿಕೇರಿ