ಅನಿಲ ವಿದ್ಯುತ್ ಕುರಿತ ಸಂದೇಶಗಳು: ಸದಸ್ಯರಿಗೆ ಸೂಚನೆ

ಗುಂಪಿನ ಎಲ್ಲ ಸದಸ್ಯರಿಗೆ ನಮಸ್ಕಾರ.

ನೈಸರ್ಗಿಕ ಅನಿಲದ ವಿದ್ಯುತ್ತು ‘ಸಂಪೂರ್ಣ ಶುದ್ಧ’ ಎನ್ನುವ ಸಂದೇಶಗಳು ಇಲ್ಲಿ ಮತ್ತೆ ಮತ್ತೆ ಬರುತ್ತಿರುವುದರಿಂದ, ಅವುಗಳನ್ನು ಹಂಚುವ ಮೊದಲು ಕೆಲವು ಸಂಗತಿಗಳನ್ನು ಗಮನಿಸಬೇಕೆಂದು ಕೋರುತ್ತೇನೆ.

ಆ ಮಾತಿನಲ್ಲಿ ಸತ್ಯಾಂಶ ಇದ್ದೇ ಇದೆ. ನೈಸರ್ಗಿಕ ಅನಿಲ ಉರಿಸಿ ತಿರುಗಿಸುವ ಟರ್ಬೈನಿನಿಂದ (ವಿದ್ಯುತ್ ಜನಕವನ್ನು ನಡೆಸುವ ಚಕ್ರದಿಂದ) ಹೊರಬೀಳುವ ಸುಮಾರು 600 ಡಿಗ್ರಿ ಸೆಲ್ಸಿಯಸ್ ಬಿಸಿಯ ಹೊಗೆಯನ್ನು ವ್ಯರ್ಥವಾಗಲು ಬಿಡದೆ, ಅದರಿಂದಲೇ ನೀರನ್ನು ಕಾಯಿಸಿ, ಆ ಹಬೆಯಿಂದ ಇನ್ನೊಂದು ಟರ್ಬೈನನ್ನು ತಿರುಗಿಸುವ ಆಧುನಿಕ ಸ್ಥಾವರಗಳು ಇಂಧನದ ಶಕ್ತಿಯಲ್ಲಿ ಶೇಕಡಾ 60ರಷ್ಟನ್ನು ವಿದ್ಯುತ್ತಾಗಿ ಪರಿವರ್ತಿಸಬಲ್ಲವು. ಪ್ರತಿ ಯೂನಿಟ್ಟಿಗೆ ಹೊಮ್ಮುವ ಇಂಗಾಲದ ಡೈಆಕ್ಸೈಡ್ ಕಲ್ಲಿದ್ದಲಿನ ಅರ್ಧಕ್ಕಿಂತ ಹೆಚ್ಚಿರುವುದಿಲ್ಲ. ಹಾರುಬೂದಿಯ ಕಾಟವೂ ಇಲ್ಲ. ಆದರೂ ಗಾಳಿಯನ್ನು ಕೆಡಿಸುವ ನೈಟ್ರೋಜನ್ ಆಕ್ಸೈಡುಗಳು ಹೊರಬರುತ್ತವೆ.

ನನ್ನ ದೃಷ್ಟಿಯಲ್ಲಿ ಅದಕ್ಕಿಂತ ದೊಡ್ಡ ಆತಂಕ ಚಿಮಣಿಯಲ್ಲಿಲ್ಲ, ಕೊಳವೆಮಾರ್ಗದಲ್ಲಿದೆ. ಈ ಅನಿಲದ ಬಹುಭಾಗ ಮೀಥೇನ್. ಅದು ಉರಿಯದೆ ಸೋರಿದರೆ, 20 ವರ್ಷಗಳ ಅವಧಿಯಲ್ಲಿ, ತೂಕಕ್ಕೆ ತೂಕ ಹೋಲಿಸಿದಾಗ, ಇಂಗಾಲದ ಡೈಆಕ್ಸೈಡಿಗಿಂತ 80 ಪಟ್ಟು ಹೆಚ್ಚು ಶಾಖವನ್ನು ಹಿಡಿದಿಡುತ್ತದೆ. ಬಣ್ಣವಿಲ್ಲದ, ವಾಸನೆಯಿಲ್ಲದ ಈ ಸೋರಿಕೆ ಬರಿಗಣ್ಣಿಗೆ ಕಾಣುವುದಿಲ್ಲ; ಅತಿಗೆಂಪು ಕ್ಯಾಮೆರಾ ಹಿಡಿದಾಗ ಮಾತ್ರ, ಸುಸ್ಥಿತಿಯಲ್ಲಿರುವಂತೆ ತೋರುವ ಕವಾಟದ ಸಂದಿಯಿಂದ ಹೊಗೆಯ ಎಳೆಯೊಂದು ಏಳುತ್ತಿರುವುದು ಗೋಚರವಾಗುತ್ತದೆ. ಬಾವಿಯಿಂದ ಸ್ಥಾವರದವರೆಗಿನ ದಾರಿಯಲ್ಲಿ ಶೇಕಡಾ ಕೆಲವೇ ಪಾಲು ಸೋರಿದರೂ ಕಲ್ಲಿದ್ದಲಿನ ಎದುರು ಗಳಿಸಿದ ಲಾಭ ಕರಗಿಹೋಗಬಹುದು. ಮೀಥೇನ್ ಹೊರಸೂಸುವಿಕೆಯನ್ನು 2020ರ ಮಟ್ಟಕ್ಕಿಂತ 2030ರೊಳಗೆ ಶೇಕಡಾ 30ರಷ್ಟು ತಗ್ಗಿಸಲು ಹಲವು ದೇಶಗಳು 2021ರಲ್ಲಿ ಗ್ಲಾಸ್ಗೋದ ಹವಾಮಾನ ಸಮ್ಮೇಳನದಲ್ಲಿ ಸಂಕಲ್ಪ ಮಾಡಿದ್ದು ಈ ಕಾರಣದಿಂದಲೇ.

ಆದ್ದರಿಂದ ಯಾವುದೇ ಅಂಕಿಅಂಶ ಹಂಚುವಾಗ ಅದರಲ್ಲಿ ಸೋರಿಕೆಯ ಲೆಕ್ಕ ಸೇರಿದೆಯೇ ಎಂಬುದನ್ನು ದಯವಿಟ್ಟು ಜೊತೆಗೇ ತಿಳಿಸಿ.